ಟ್ರ್ಯಾಕ್ಟರಿನ ಹಿಂದಿನ ಬ್ಲೇಡಿನಲ್ಲೇ ಮೂರು ಚಳಿಗಾಲ: ನನ್ನ ಅನುಭವ

ಈ ಜನವರಿಯಲ್ಲಿ ಮೂರು ದಿನ ಬಿಡದೆ ಸ್ನೋ ಬಿತ್ತು. ನಾಲ್ಕನೇ ದಿನ ಬೆಳಗ್ಗೆ ಪಕ್ಕದ ಜಮೀನಿನ ಅಜ್ಜ ಟ್ರಕ್ ನಿಲ್ಲಿಸಿ, ನಮ್ಮ ಡ್ರೈವ್‌ವೇ ಉದ್ದಕ್ಕೂ ನೋಡಿ, ಯಾರನ್ನು ಕರೆಸಿದ್ದೆ ಎಂದು ಕೇಳಿದರು. ಯಾರನ್ನೂ ಇಲ್ಲ, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ಬ್ಲೇಡಿನಲ್ಲೇ ಸ್ನೋ ತೆಗೆದೆ ಎಂದೆ. ಎರಡು ವರ್ಷದ ಹಿಂದೆ ಇದೇ ಅಜ್ಜ, ಈ ಇಳಿಜಾರಿನಲ್ಲಿ ಅದು ಆಗದ ಕೆಲಸ, ಸುಮ್ನೆ ಬ್ಲೋವರ್ (ಸ್ನೋ ದೂರ ಎಸೆಯುವ ಯಂತ್ರ) ತಗೋ ಎಂದಿದ್ದರು. ನಮ್ಮ ಕನ್ನಡದ ಗೆಳೆಯರೂ ಅದನ್ನೇ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಬ್ಲೇಡು ಹುಡುಕುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರೋದು ಮಿಶಿಗನ್‌ನಲ್ಲಿ, ಕಲಮಜೂ ಊರಿನ ಪಶ್ಚಿಮಕ್ಕೆ. ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಬೀಸಿತು ಅಂದರೆ ಹವಾಮಾನ ವರದಿಯವರು 2 ಇಂಚು ಅಂದ ದಿನ 8 ಇಂಚು ಬಿದ್ದಿರುತ್ತದೆ. 5 ಎಕರೆ ಜಾಗ, ರಸ್ತೆಯಿಂದ ಮನೆಗೆ ಸುಮಾರು 700 ಅಡಿ ಜಲ್ಲಿ ದಾರಿ, ನಡುವೆ ಒಂದು ಇಳಿಜಾರು. ಟ್ರ್ಯಾಕ್ಟರ್ 25 ಹೆಚ್‌ಪಿ, ಹೈಡ್ರೋ (ಪೆಡಲ್ ಒತ್ತಿದಷ್ಟು ಓಡುತ್ತದೆ, ಕಾಲೆತ್ತಿದರೆ ನಿಧಾನವಾಗುತ್ತದೆ), ಮುಂದೆ ಲೋಡರ್, ಅಂದರೆ ಎತ್ತಿ ಇಳಿಸುವ ಬಕೆಟ್, ಇದೆ. ಮೊದಲೆಲ್ಲ ಸ್ನೋ ತಳ್ಳುವ ಟ್ರಕ್ಕಿನವನನ್ನು ಕರೆಸುತ್ತಿದ್ದೆವು. ಸಲಕ್ಕೆ 50 ಡಾಲರ್, ಒಂದು ಚಳಿಗಾಲಕ್ಕೆ 1,300ರ ಹತ್ತಿರ ಹೋಗುತ್ತಿತ್ತು. ಅವನು ಬರುವಷ್ಟರಲ್ಲಿ ನನ್ನ ಆಫೀಸಿನ ಹೊತ್ತು ಮೀರಿರುತ್ತಿತ್ತು. ಮುಂದೆ ಹಾಕುವ ಬ್ಲೋವರ್ ಕೇಳಿದರೆ 5,000 ಡಾಲರ್ ಮೇಲೆ ಹೇಳಿದರು. ಹಳೇದು 6 ಅಡಿ ಬ್ಲೇಡು 450ಕ್ಕೆ ಸಿಕ್ಕಿತು, ತಂದೆ.

ಮೊದಲ ಚಳಿಗಾಲ ಪೂರ್ತಿ ನಷ್ಟ. ನವೆಂಬರ್ ಕೊನೆಯಲ್ಲಿ ನೆಲ ಇನ್ನೂ ಗಟ್ಟಿಯಾಗಿರಲಿಲ್ಲ. ಬ್ಲೇಡು ಇಳಿಸಿ ಎಳೆದೆ. ಸ್ನೋ ಜೊತೆ ಜಲ್ಲಿಯೂ ಕಿತ್ತು ಹುಲ್ಲಿನ ಮೇಲೆ ಹೋಯಿತು. ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಎರಡು ಶನಿವಾರ ಕುಂಟೆಯಲ್ಲಿ ಆ ಜಲ್ಲಿ ಎಳೆದೆವು. ಅದೇ ಚಳಿಗಾಲದಲ್ಲಿ ಗ್ಯಾರೇಜಿನ ಮುಂದೆ ರಿವರ್ಸ್‌ನಲ್ಲಿ ಬ್ಲೇಡಿನಿಂದ ತಳ್ಳಲು ಹೋದೆ. ಹಿಮದ ಕೆಳಗೆ ಮರದ ಬೊಡ್ಡೆ ಇತ್ತು. ಬ್ಲೇಡನ್ನು ಟ್ರ್ಯಾಕ್ಟರಿಗೆ ಹಿಡಿದಿಡುವ ಕೆಳಗಿನ ತೋಳು (ಲಿಂಕ್) ಬಾಗಿತು, 220 ಡಾಲರ್ ಹೋಯಿತು. ಆ ಲಿಂಕ್‌ಗಳು ಇರೋದು ಎಳೆಯೋಕೆ. ಹಗುರ ಸ್ನೋ ಆದರೆ ರಿವರ್ಸ್‌ನಲ್ಲಿ ನಿಧಾನವಾಗಿ ತಳ್ಳಬಹುದು. ವೇಗ ಕೊಟ್ಟು ಗುದ್ದಬೇಡಿ. ಈಗ ನಾನು ಗ್ಯಾರೇಜಿನ ಬಾಗಿಲ ತನಕ ರಿವರ್ಸ್ ಹೋಗಿ, ಅಲ್ಲಿ ಬ್ಲೇಡು ಇಳಿಸಿ, ಆಚೆಗೆ ಎಳೆದುಕೊಂಡು ಬರುತ್ತೇನೆ.

ಜಲ್ಲಿ ಸಮಸ್ಯೆಗೆ ದಾರಿ ತೋರಿಸಿದ್ದು ಮದ್ದೂರಿನಲ್ಲಿರುವ ನಮ್ಮಪ್ಪ. ಸ್ನೋ ಅನ್ನೋದನ್ನು ಅವರು ಕಣ್ಣಾರೆ ಕಂಡಿಲ್ಲ. ಆದರೆ 30 ವರ್ಷ ಗದ್ದೆಗೆ ಬ್ಲೇಡು ಹೊಡೆದವರು. ವಿಡಿಯೋ ಕಾಲ್‌ನಲ್ಲಿ ನೋಡಿ, "ಅಲ್ಲ ಕಣ್ಲಾ, ನೆಲ ಯಾಕೆ ಕೆರೀತೀಯ? ಬ್ಲೇಡ್ ತಿರುಗಿಸಾಕು, ಮ್ಯಾಲ್‌ಮ್ಯಾಲೆ ಜಾರ್ಕೊಂಡು ಹೋಯ್ತದೆ" ಎಂದರು. ಪಿನ್ ತೆಗೆದು ಬ್ಲೇಡನ್ನು ಹಿಂದುಮುಂದಾಗಿ ತಿರುಗಿಸಿದೆ. ಈಗ ಉಬ್ಬಿದ ಬೆನ್ನು ಮುಂದಕ್ಕೆ. ಅಂಚು ಕಚ್ಚುವುದಿಲ್ಲ, ತೇಲಿಕೊಂಡು ಬರುತ್ತದೆ. ಕೆಳಗೆ ಅರ್ಧ ಇಂಚು ಹಿಮ ಉಳಿಯುತ್ತದೆ, ಉಳಿಯಲಿ. ಅದೇ ಗಟ್ಟಿಯಾಗಿ ಜಲ್ಲಿಯನ್ನು ಹಿಡಿದುಕೊಳ್ಳುತ್ತದೆ. ನೆಲ ಕಲ್ಲಿನಂತೆ ಆದ ಮೇಲೆ, ನಮ್ಮ ಕಡೆ ಕ್ರಿಸ್‌ಮಸ್ ಆಸುಪಾಸು, ಬ್ಲೇಡನ್ನು ಮಾಮೂಲಿಯಂತೆ ತಿರುಗಿಸಿಕೊಳ್ಳುತ್ತೇನೆ. ಬ್ಲೇಡನ್ನು ಓರೆಯಾಗಿ ಇಡುವ ಕೋನ ಸುಮಾರು 30 ಡಿಗ್ರಿ. ಬ್ಲೇಡಿನ ಬಾಗು ಹೊಂದಿಸುವ ಮೇಲಿನ ತಿರುಪು ತೋಳು, ಟಾಪ್ ಲಿಂಕ್, ಎಷ್ಟು ಸುತ್ತು ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನನಗೆ ಒಂದು ಚಳಿಗಾಲ ಹಿಡಿದಿದೆ.

ಇನ್ನು ಇಳಿಜಾರಿನ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎರಡನೇ ಚಳಿಗಾಲದ ಫೆಬ್ರವರಿ. ಹಿಂದಿನ ದಿನ ಮಳೆ ಬಂದು ರಾತ್ರಿ ಹೆಪ್ಪುಗಟ್ಟಿತ್ತು, ಅದರ ಮೇಲೆ 3 ಇಂಚು ಸ್ನೋ. ಬ್ಲೇಡು ಎತ್ತಿಕೊಂಡು ಇಳಿಯುತ್ತಿದ್ದೆ, 4-ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡುವುದು) ಹಾಕಿರಲಿಲ್ಲ. ಬ್ರೇಕ್ ಒತ್ತಿದೆ. ನಮ್ಮ ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ, ಅಲ್ವಾ? ಅವೆರಡೂ ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿಸಿದರೂ ನೇರ ಚರಂಡಿಯ ಕಡೆಗೇ ಜಾರಿತು. ಕೈ ತಾನಾಗಿ ಲಿವರ್‌ಗೆ ಹೋಯಿತು. ಬ್ಲೇಡನ್ನೂ ಬಕೆಟ್ಟನ್ನೂ ಒಟ್ಟಿಗೆ ಇಳಿಸಿದೆ. ಚರಂಡಿಗೆ 4 ಅಡಿ ಇರುವಾಗ ಕಚ್ಚಿಕೊಂಡು ನಿಂತಿತು. ಹತ್ತು ನಿಮಿಷ ಸೀಟಿನಿಂದ ಇಳಿಯಲಿಲ್ಲ.

ಆವತ್ತಿನಿಂದ ಇಳಿಯುವಾಗ ಯಾವಾಗಲೂ 4-ವೀಲ್, ಲೋ ಗೇರ್, ಬ್ಲೇಡು ನೆಲದಿಂದ ಒಂದು ಗೇಣು ಮಾತ್ರ. 4-ವೀಲ್‌ನಲ್ಲಿ ಮುಂದಿನ ಚಕ್ರಗಳೂ ಹಿಡಿಯುತ್ತವೆ. ಬ್ರೇಕ್ ಮುಟ್ಟುವುದೇ ಇಲ್ಲ, ಪೆಡಲ್ ಮೇಲಿನ ಕಾಲು ನಿಧಾನವಾಗಿ ಎತ್ತಿದರೆ ಸಾಕು. ಮಗುಚಿದರೆ ಕಾಪಾಡುವ ತಲೆ ಮೇಲಿನ ರೋಲ್ ಬಾರ್ ನಿಲ್ಲಿಸಿರಬೇಕು, ಸೀಟ್ ಬೆಲ್ಟ್ ಹಾಕಿರಬೇಕು. ಬಾರ್ ಮಡಚಿ ಗ್ಯಾರೇಜಿಗೆ ಹೋದವರು ಆಮೇಲೆ ನಿಲ್ಲಿಸಲು ಮರೆಯುತ್ತಾರೆ.

ತೂಕ ಹೆಚ್ಚಿ ಹಿಡಿತ ಬರಲಿ ಅಂತ ಹಿಂದಿನ ಟೈರುಗಳಿಗೆ ಬೀಟ್ ರಸ ತುಂಬಿಸಿದೆ. ಸಕ್ಕರೆ ಬೀಟ್ ಇಲ್ಲಿನ ಬೆಳೆ, ಸಕ್ಕರೆ ತೆಗೆದ ಮೇಲೆ ಉಳಿಯುವ ರಸ ಇದು. ನಮ್ಮ ಕಡೆಯ ಚಳಿಗೆ ಹೆಪ್ಪುಗಟ್ಟಲ್ಲ, ಟೈರಿಗೆ ತುಂಬುವ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರಿನ ಥರ ರಿಮ್ ತಿನ್ನಲ್ಲ. ಎರಡೂ ಟೈರಿಗೆ 60 ಗ್ಯಾಲನ್ ಹಿಡಿಯಿತು, 290 ಕೆಜಿ ಆಗಿರಬೇಕು. ಖರ್ಚು 300 ಡಾಲರ್. ಟೈರಿನ ಮೇಲೆ ಸುತ್ತುವ ಚೈನು 380. ಚೈನು ಹಾಕಿ ಹತ್ತು ನಿಮಿಷ ಓಡಿಸಿ ಮತ್ತೆ ಬಿಗಿ ಮಾಡಿ, ಇಲ್ಲದಿದ್ದರೆ ಫೆಂಡರ್‌ಗೆ ಬಡಿಯುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒದ್ದೆ ಸ್ನೋ ಬ್ಲೇಡಿಗೆ ಅಂಟುತ್ತಿತ್ತು. ಅಡುಗೆ ಎಣ್ಣೆ ಒರೆಸಿದೆ, ಎರಡು ಸುತ್ತಿಗೆ ಹೋಯಿತು. ಹರಳೆಣ್ಣೆ ಹಚ್ಚಿದೆ, ಚಳಿಗೆ ಅದೇ ಜಿಗುಟಾಯಿತು. ಕಾರಿನ ವ್ಯಾಕ್ಸ್ ಪರವಾಗಿಲ್ಲ, ಒಂದು ವಾರ ಬರುತ್ತದೆ. ಈಗ ಹಚ್ಚುತ್ತಿರುವುದು ಇಡೀ ತಿಂಗಳು ಬರುತ್ತದೆ. ಅದು ಏನು ಅಂತ ಈಗಲೇ ಹೇಳಲ್ಲ, ಇನ್ನೊಂದು ಚಳಿಗಾಲ ನೋಡುತ್ತೇನೆ.

10 ಇಂಚು ಬೀಳಲಿ ಅಂತ ಕಾಯುವವರಿದ್ದಾರೆ. ನಾನು 4 ಇಂಚಿಗೇ ಹೊರಡುತ್ತೇನೆ, ರಾತ್ರಿ ಎರಡು ಗಂಟೆಯಾದರೂ ಸರಿ. ಡಿಸೆಂಬರ್‌ನಲ್ಲೇ ರಾಶಿಯನ್ನು ದಾರಿಯಿಂದ ಸಾಕಷ್ಟು ದೂರ ತಳ್ಳಿಬಿಡಿ, ಫೆಬ್ರವರಿಯಲ್ಲಿ ಹಾಕಲು ಜಾಗ ಬೇಕು. ನಮ್ಮಲ್ಲಿ ಗಾಳಿ ಪಶ್ಚಿಮದಿಂದ, ಹಾಗಾಗಿ ರಾಶಿ ಪೂರ್ವಕ್ಕೇ ಹೋಗಬೇಕು. ಮೊದಲ ವರ್ಷ ಪಶ್ಚಿಮಕ್ಕೆ ಹಾಕಿ, ಬೆಳಗಾಗುವಷ್ಟರಲ್ಲಿ ದಾರಿ ಮತ್ತೆ ತುಂಬಿತ್ತು. ರಸ್ತೆ ದಾಟಿಸಿ ಎದುರಿಗೆ ತಳ್ಳುವುದು ಮಿಶಿಗನ್‌ನಲ್ಲಿ ಕಾನೂನಿಗೆ ವಿರುದ್ಧ. ದಾರಿಯ ಅಂಚು, ಅಡ್ಡಿಗಳು ತಿಳಿಯಲು ಗುರುತಿನ ಕಡ್ಡಿಗಳನ್ನು ನೆಲ ಗಟ್ಟಿಯಾಗುವ ಮೊದಲೇ ನೆಡಿ. ಆ ಬೊಡ್ಡೆಗೆ ಈಗ ಎರಡು ಕಡ್ಡಿ ಇವೆ.

ಟ್ರ್ಯಾಕ್ಟರ್ ಬಿಸಿಯಾಗಲು ಹದಿನೈದು ನಿಮಿಷ ಬೇಕು, ಆದರೆ ಗ್ಯಾರೇಜಿನ ಬಾಗಿಲು ಮುಚ್ಚಿ ಬಿಸಿ ಮಾಡಬೇಡಿ, ಹೊಗೆ ಜೀವ ತೆಗೆಯುತ್ತದೆ. ಇಳಿಯುವ ಮುಂಚೆ ಬ್ಲೇಡು ನೆಲಕ್ಕೆ, ಪಾರ್ಕಿಂಗ್ ಬ್ರೇಕ್, ಇಂಜಿನ್ ಆಫ್. ಎತ್ತಿದ ಬ್ಲೇಡಿನ ಕೆಳಗೆ ಕೈ ಹಾಕಲೇಬಾರದು. ನಾನು ಹೊರಗಿರುವಷ್ಟು ಹೊತ್ತು ಮಗಳು ಕಿಟಕಿಯ ಒಳಗೇ ಇರಬೇಕು. ಅವಳು ಅಲ್ಲಿ ನಿಂತು ಕೈ ಬೀಸಿದ ಮೇಲೆಯೇ ನಾನು ಕೀ ತಿರುಗಿಸೋದು. ರಾಶಿಯಲ್ಲಿ ಸುರಂಗ ತೋಡಿ ಆಡುವ ಮಕ್ಕಳು ಸೀಟಿನಿಂದ ಕಾಣುವುದಿಲ್ಲ.

ಲೆಕ್ಕ ಹಾಕಿದರೆ ಬ್ಲೇಡು, ಚೈನು, ರಸ, ಬಾಗಿದ ಲಿಂಕ್ ಎಲ್ಲ ಸೇರಿ 1,350 ಡಾಲರ್. ಟ್ರಕ್ಕಿನವನ ಒಂದು ಚಳಿಗಾಲದ ದುಡ್ಡು ಅಷ್ಟೇ. ಬ್ಲೇಡಿನ ಕೆಳ ಅಂಚಿನ ಪಟ್ಟಿ (ಕಟಿಂಗ್ ಎಡ್ಜ್) ಒಂದು ಬದಿ ಸವೆದಿದೆ, ಬೇಸಿಗೆಯಲ್ಲಿ ಬಿಚ್ಚಿ ತಿರುಗಿಸಿ ಹಾಕಬೇಕು. ಬೋಲ್ಟುಗಳಿಗೆ ಈಗಲೇ ಎಣ್ಣೆ ಬಿಟ್ಟಿದ್ದೇನೆ.