ಫೆಲೋಶಿಪ್ ಅರ್ಜಿಗೆ ಕೂರುವ ಮೊದಲು: ಮಕ್ಕಳ ವಾರ್ಡಿನಲ್ಲೇ ಮುಗಿಸಬೇಕಾದ ಕೆಲಸ

ದಾವಣಗೆರೆಯ ಮಕ್ಕಳ ವೈದ್ಯರಿಗೆ ರೋಗಿಗಳೂ ಇದ್ದಾರೆ, ಕೇಳಬೇಕಾದ ಪ್ರಶ್ನೆಗಳೂ ಇವೆ. ಇಲ್ಲದಿರುವುದು ಬಿಡುವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ಸಂಶೋಧನೆಗೆ ಇಳಿಯುವ ವೈದ್ಯರಿಗೆ ಕೊಡುವ ಕೆ23 ಅನುದಾನದಲ್ಲಿ ವೈದ್ಯರು ಸಾಮಾನ್ಯವಾಗಿ ಕೆಲಸದ ವೇಳೆಯ 75% ಭಾಗವನ್ನು ಸಂಶೋಧನೆಗೂ ತರಬೇತಿಗೂ ಮೀಸಲಿಡಲೇಬೇಕು. ನಮ್ಮಲ್ಲಿ ಅದಕ್ಕೆ ಹತ್ತಿರದ್ದೆಂದರೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ಕಟ್ಟಿದ ಇಂಡಿಯಾ ಅಲೈಯನ್ಸ್‌ನ ಕ್ಲಿನಿಕಲ್ ಫೆಲೋಶಿಪ್. ಆದ್ದರಿಂದ ನಾವು ಮೊದಲು ಪಡೆಯುವುದು ಕಾಲೇಜಿನ ಪತ್ರ. ‘ಸಂಪೂರ್ಣ ಸಹಕಾರ ನೀಡಲಾಗುವುದು’ ಎಂದಷ್ಟೇ ಬರೆದಿದ್ದರೆ ಅದು ಉಪಯೋಗಕ್ಕೆ ಬಾರದು. ವಾರದಲ್ಲಿ ಯಾವ ದಿನ ಒಪಿಡಿ ಇಲ್ಲ, ರಾತ್ರಿ ಡ್ಯೂಟಿ ಎಷ್ಟು, ಆ ಹೊತ್ತಿಗೆ ವಾರ್ಡು ನೋಡುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು.

ಅಷ್ಟು ದೂರ ಹೋಗಲು ಕೆಳಗಿನ ಮೆಟ್ಟಿಲುಗಳಿವೆ. ಎಂಬಿಬಿಎಸ್‌ನಲ್ಲಿದ್ದಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆ (ಎಸ್‌ಟಿಎಸ್), ಪಿಜಿಯಲ್ಲಿ ವೈದ್ಯಕೀಯ ಸಂಶೋಧನೆಯ ಮೂಲಪಾಠ ಕಲಿಸುವ ಬಿಸಿಬಿಆರ್ ಕೋರ್ಸ್ ಮತ್ತು ಪ್ರಬಂಧ, ಆಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ. ಹಣ ಚಿಕ್ಕದಾದರೂ ಲೆಕ್ಕ ಒಪ್ಪಿಸಿ ಕೆಲಸ ಮುಗಿಸಿದ ದಾಖಲೆ ದೊಡ್ಡ ಅರ್ಜಿಗೆ ಬಲ ಕೊಡುತ್ತದೆ.

ಅರ್ಜಿ ಬೀಳುವುದು ಹೆಚ್ಚಾಗಿ ಸ್ಯಾಂಪಲ್ ಲೆಕ್ಕದಲ್ಲಿ, ಅಂದರೆ ಅಧ್ಯಯನಕ್ಕೆ ಎಷ್ಟು ಮಕ್ಕಳು ಬೇಕೆಂಬ ಲೆಕ್ಕದಲ್ಲಿ. ಐದು ವರ್ಷದೊಳಗಿನ ಮಕ್ಕಳ ರಕ್ತಹೀನತೆಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಇದು 65.5%. 4ಪಿಕ್ಯೂ/ಡಿ² ಸೂತ್ರದಲ್ಲಿ (ಪಿ ಎಂದರೆ ರಕ್ತಹೀನರ ಶೇಕಡಾವಾರು, ಕ್ಯೂ ಎಂದರೆ ಉಳಿದವರದು, ಡಿ ಎಂದರೆ ದೋಷಮಿತಿ) 5% ದೋಷಮಿತಿ ಇಟ್ಟರೆ 4 × 65.5 × 34.5 ÷ 25, ಅಂದರೆ 362 ಮಕ್ಕಳು. 10% ಕೈತಪ್ಪುತ್ತಾರೆಂದು 0.9ರಿಂದ ಭಾಗಿಸಿದರೆ 403. ಇಲ್ಲೊಂದು ತೊಡಕಿದೆ: ಆ 65.5% ಬಂದದ್ದು ಡೆಸಿಲೀಟರ್ ರಕ್ತಕ್ಕೆ 11 ಗ್ರಾಂ ಹಿಮೋಗ್ಲೋಬಿನ್ ಎಂಬ ಮಿತಿಯಿಂದ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 6ರಿಂದ 23 ತಿಂಗಳ ಮಕ್ಕಳಿಗೆ ಮಿತಿಯನ್ನು 10.5ಕ್ಕೆ ಇಳಿಸಿದೆ. ಹೊಸ ಮಿತಿ ಬಳಸಿ ಹಳೆಯ ಶೇಕಡಾವಾರು ಹಾಕಿದರೆ ಪರಿಶೀಲಕರು ಮೊದಲು ಕೇಳುವ ಪ್ರಶ್ನೆಯೇ ಅದು.

ರಕ್ತ ತೆಗೆಯುವ ವಿಧಾನವನ್ನೂ ಪ್ರೋಟೋಕಾಲ್‌ನಲ್ಲಿ ಬಿಡಿಸಿ ಬರೆಯುತ್ತೇವೆ. ಸ್ಪಿರಿಟ್ ಪೂರ್ತಿ ಒಣಗಬೇಕು, ಮೊದಲ ಹನಿಗಳನ್ನು ಒರೆಸಬೇಕು, ಬೆರಳನ್ನು ಹಿಂಡಬಾರದು. ಹಿಂಡಿದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ, ಇಲ್ಲದ ರಕ್ತಹೀನತೆ ಕಾಗದದ ಮೇಲೆ ಹುಟ್ಟುತ್ತದೆ. ಸಾಧ್ಯವಿದ್ದಲ್ಲಿ ಅಭಿಧಮನಿ ರಕ್ತವೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಫಾಲೋಅಪ್ ದಿನಾಂಕವನ್ನು ಮೆಕ್ಕೆಜೋಳದ ಕ್ಯಾಲೆಂಡರ್ ನೋಡಿ ಇಡಬೇಕು. ಬಿತ್ತನೆ, ಕೊಯ್ಲಿನ ವಾರಗಳಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ತಾಯಂದಿರು ಮಗುವನ್ನು ಕರೆದುಕೊಂಡು ಬರುವುದು ಕಷ್ಟ. ಎರಡು ಫೋನ್ ನಂಬರ್ ಬರೆದುಕೊಳ್ಳಿ, ಆಶಾ ಕಾರ್ಯಕರ್ತೆಯದೂ ಇರಲಿ. ಬಸ್ ಚಾರ್ಜು, ಕೂಲಿ ನಷ್ಟ ತುಂಬುವ ಮೊತ್ತವನ್ನು ಬಜೆಟ್ಟಿನಲ್ಲೇ ತೋರಿಸಿ. ಬಡವರ ಸಮಯಕ್ಕೂ ಬೆಲೆಯಿದೆ.

ಒಪ್ಪಿಗೆ ಪತ್ರ ಮನೆಮಾತಿಗೆ ಹತ್ತಿರವಾದ ಕನ್ನಡದಲ್ಲಿರಲಿ. ತಾಂಡಾಗಳಲ್ಲಿ ಲಂಬಾಣಿ ಬಲ್ಲವರು ಓದಿ ಹೇಳಬೇಕು, ಹೆಬ್ಬೆಟ್ಟು ಒತ್ತುವಲ್ಲಿ ನಿಷ್ಪಕ್ಷಪಾತ ಸಾಕ್ಷಿ ಇರಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯ ಜೊತೆಗೆ 7 ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದರೆ ಬರಹದ ಸಮ್ಮತಿ ಬೇಕು. ಚಿಕಿತ್ಸಾ ಪ್ರಯೋಗವಾದರೆ ಕ್ರಮ ತಪ್ಪುವಂತಿಲ್ಲ: ಎಥಿಕ್ಸ್ ಸಮಿತಿಯ ಅನುಮತಿ, ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪುಸ್ತಕವಾದ ಸಿಟಿಆರ್‌ಐನಲ್ಲಿ ನೋಂದಣಿ, ಆಮೇಲೆ ಮೊದಲ ಮಗುವಿನ ಸೇರ್ಪಡೆ. 2018ರ ಏಪ್ರಿಲ್ 1ರಿಂದ ಸಿಟಿಆರ್‌ಐ ಆಗಲೇ ಶುರುವಾಗಿಬಿಟ್ಟ ಪ್ರಯೋಗಗಳನ್ನು ನೋಂದಾಯಿಸುವುದಿಲ್ಲ. ನಂಬರ್ ಕೈಸೇರಲು ಪ್ರಶ್ನೋತ್ತರಗಳಲ್ಲಿ ವಾರಗಳೇ ಹಿಡಿಯುವುದರಿಂದ, ಫೀಲ್ಡ್ ಸಿಬ್ಬಂದಿಯ ಸಂಬಳ ಆ ತಾರೀಖಿನ ನಂತರ ಶುರುವಾಗುವಂತೆ ಬಜೆಟ್ ಹಾಕಿ.