ವಿಆರ್ ಆಟ ಆಡಬೇಕೆ? ಮೊದಲು ಹೆಡ್‌ಸೆಟ್ ಆರಿಸಿ, ಆಮೇಲೆ ಕಂಪ್ಯೂಟರ್

ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ವಿಆರ್ (ವರ್ಚುವಲ್ ರಿಯಾಲಿಟಿ) ಆಟಕ್ಕೆ ಕಣ್ಣಿಗೆ ಕಟ್ಟಿಕೊಳ್ಳುವ ಹೊಸ ಹೆಡ್‌ಸೆಟ್ ತಂದು, ಮೊದಲ ದಿನವೇ ತಲೆ ಸುತ್ತಿ ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ. ಕಾರ್ಡ್ ಚೆನ್ನಾಗಿಯೇ ಇರುತ್ತದೆ. ಅದು ಬಿಡಿಸಿದ ಚಿತ್ರ ಕಣ್ಣಿಗೆ ತಲುಪುವ ದಾರಿಯಲ್ಲಿ ಎಡವಟ್ಟಾಗಿರುತ್ತದೆ. ಈ ಕ್ರಮದಲ್ಲಿ ಹೋದರೆ ಆ ಪಾಡು ತಪ್ಪುತ್ತದೆ.

1. ಹೆಡ್‌ಸೆಟ್

ಕನ್ನಡಿ ಮುಂದೆ ನಿಂತು, ಸ್ಕೇಲ್ ಹಿಡಿದು ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಿರಿ. ದೊಡ್ಡವರಲ್ಲಿ ಇದು ಸರಾಸರಿ 63 ಮಿಲಿಮೀಟರ್. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ಒಂದು ಚಕ್ರ ತಿರುಗಿಸಿ ಲೆನ್ಸ್‌ಗಳನ್ನು ನಿಮ್ಮ ಅಳತೆಗೆ ಹೊಂದಿಸಬಹುದು. ಕ್ವೆಸ್ಟ್ 3ಎಸ್‌ನಲ್ಲಿ 58, 63, 68 ಹೀಗೆ ಮೂರೇ ಅಳತೆ. ನಿಮ್ಮದು 60 ಅಥವಾ 65ರ ಆಸುಪಾಸು ಇದ್ದರೆ ಕ್ವೆಸ್ಟ್ 3 ಕಡೆಗೇ ಹೋಗಿ. ಲೆನ್ಸ್ ಹೊಂದದಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಹಳೆಯ ‘ವಿಂಡೋಸ್ ಮಿಕ್ಸೆಡ್ ರಿಯಾಲಿಟಿ’ ಹೆಡ್‌ಸೆಟ್ ಅಗ್ಗಕ್ಕೆ ಸಿಕ್ಕರೂ ಬೇಡ. 2024ರ ವಿಂಡೋಸ್ 11 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ.

2. ಗ್ರಾಫಿಕ್ಸ್ ಕಾರ್ಡ್

ಹೆಡ್‌ಸೆಟ್ ಸೆಕೆಂಡಿಗೆ 90 ಚಿತ್ರ ತೋರಿಸಬೇಕಾದರೆ, ಕಾರ್ಡಿಗೆ ಒಂದೊಂದು ಚಿತ್ರಕ್ಕೂ ಸಿಗುವ ಸಮಯ ಸುಮಾರು 11 ಮಿಲಿಸೆಕೆಂಡ್. ಅಷ್ಟರಲ್ಲಿ ಎರಡೂ ಕಣ್ಣಿನ ಚಿತ್ರ ಮುಗಿಯಬೇಕು. ಇದಕ್ಕೆ ಕಾರ್ಡಿನ ಸ್ವಂತ ಮೆಮೊರಿಯೂ ಮುಖ್ಯ. 2020ರ ‘ಹಾಫ್-ಲೈಫ್: ಅಲಿಕ್ಸ್’ ಆಟವೇ ಕನಿಷ್ಠ 6 ಜಿಬಿ ಕೇಳುತ್ತದೆ. ಈಗ ಕೊಳ್ಳುವವರು 12 ಜಿಬಿಗಿಂತ ಕೆಳಗೆ ಇಳಿಯಬಾರದು ಅಂತ ನನ್ನ ಸಲಹೆ.

ಲ್ಯಾಪ್‌ಟಾಪ್ ಕೊಳ್ಳುವಾಗ ಹೆಸರು ನೋಡಿ ಮೋಸ ಹೋಗಬೇಡಿ. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4070 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದೆ. ಲ್ಯಾಪ್‌ಟಾಪ್‌ನ 4070ರಲ್ಲಿ 8 ಜಿಬಿ ಮಾತ್ರ. ಜಾಗ ಇದ್ದರೆ ಡೆಸ್ಕ್‌ಟಾಪೇ ತಗೊಳ್ಳಿ.

3. ಚಿತ್ರ ಹೋಗುವ ದಾರಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ವಾಲ್ವ್ ಇಂಡೆಕ್ಸ್ ಮತ್ತು ಪ್ಲೇಸ್ಟೇಷನ್ ವಿಆರ್2 ಹೆಡ್‌ಸೆಟ್‌ಗಳಿಗೆ ಡಿಸ್‌ಪ್ಲೇಪೋರ್ಟ್ (ಕಂಪ್ಯೂಟರಿನಿಂದ ಚಿತ್ರ ಹೊರಬರುವ ಒಂದು ಬಗೆಯ ಕಿಂಡಿ) ಬೇಕೇ ಬೇಕು. ವಿಆರ್2ಗೆ ಕಂಪ್ಯೂಟರಿಗೆಂದೇ ಇರುವ ಅಡಾಪ್ಟರನ್ನೂ ಬೇರೆಯಾಗಿ ಕೊಳ್ಳಬೇಕು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಟಿವಿಗೆ ಜೋಡಿಸುವಂಥ ಎಚ್‌ಡಿಎಂಐ ಕಿಂಡಿ ಮಾತ್ರ ಇರುತ್ತದೆ. ಅದನ್ನು ಡಿಸ್‌ಪ್ಲೇಪೋರ್ಟ್ ಮಾಡುವ ಅಗ್ಗದ ತುಂಡುಗಳನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಯುಎಸ್‌ಬಿ-ಸಿ ಕಿಂಡಿಯಲ್ಲಿ ಚಿತ್ರ ಹೊರಬರುತ್ತದೆ ಅಂದರೂ ಸಾಲದು. ಆ ಕಿಂಡಿ ಗ್ರಾಫಿಕ್ಸ್ ಕಾರ್ಡಿಗೇ ಜೋಡಣೆಯಾಗಿರಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್‌ಗೆ ಸೇರಿರುತ್ತದೆ. ಕೊಳ್ಳುವ ಮೊದಲೇ ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಡೆಸ್ಕ್‌ಟಾಪ್‌ನಲ್ಲೂ ಅಷ್ಟೇ: ಕೇಬಲ್ ಚುಚ್ಚಬೇಕಾದ್ದು ಕಾರ್ಡಿನ ಕಿಂಡಿಗೆ, ಮದರ್‌ಬೋರ್ಡಿನ (ಎಲ್ಲ ಭಾಗ ಕೂರುವ ಮುಖ್ಯ ಹಲಗೆಯ) ಕಿಂಡಿಗಲ್ಲ.

ಕ್ವೆಸ್ಟ್ ಆದರೆ ಕಂಪ್ಯೂಟರಿಗೆ ಜೋಡಿಸಲು ಎರಡು ದಾರಿ: ಕೇಬಲ್ ಅಥವಾ ವೈಫೈ. ಕೇಬಲ್ ಬಳಸುವುದಾದರೆ ಯುಎಸ್‌ಬಿ 3 ಕೇಬಲ್ ಕೊಳ್ಳಿ. ಚಾರ್ಜಿಂಗ್ ಕೇಬಲ್‌ಗಳು ಸಾಮಾನ್ಯವಾಗಿ ಯುಎಸ್‌ಬಿ 2. ತುದಿ ಒಂದೇ ಥರ ಕಂಡರೂ ವೇಗ ತೀರಾ ಕಡಿಮೆ.

ವೈಫೈ ಆದರೆ ಕಂಪ್ಯೂಟರನ್ನು ಈಥರ್‌ನೆಟ್ ತಂತಿಯಿಂದ ರೂಟರ್‌ಗೆ ಜೋಡಿಸಿ. ಹೆಡ್‌ಸೆಟ್ ಮಾತ್ರ ವೈಫೈನಲ್ಲಿರಲಿ. ಎರಡೂ ವೈಫೈನಲ್ಲಿದ್ದರೆ ಒಂದೇ ಚಿತ್ರ ಎರಡು ಸಲ ಗಾಳಿಯಲ್ಲಿ ಹೋಗಬೇಕಾಗುತ್ತದೆ, ಆಗ ತಡವರಿಸುತ್ತದೆ. ರೂಟರ್ ನೀವು ಆಡುವ ಕೋಣೆಯಲ್ಲೇ ಇರಬೇಕು, ಹೆಡ್‌ಸೆಟ್ 5 ಗಿಗಾಹರ್ಟ್ಸ್‌ನಲ್ಲಿ ಸೇರಬೇಕು. 5 ಗಿಗಾಹರ್ಟ್ಸ್ ಗೋಡೆ ದಾಟುವಾಗ ಬಹಳ ಸೊರಗುತ್ತದೆ. ‘ಇಂಟರ್ನೆಟ್ ಪ್ಲಾನ್ ಜೋರಾಗಿದೆ ಅಲ್ವಾ’ ಅಂತ ಕೇಳುವವರಿದ್ದಾರೆ. ಈ ಚಿತ್ರ ಮನೆಯೊಳಗೇ ಓಡಾಡುತ್ತದೆ, ಪ್ಲಾನ್‌ಗೂ ಇದಕ್ಕೂ ಸಂಬಂಧ ಇಲ್ಲ.

4. ಉಳಿದದ್ದು

16 ಜಿಬಿ ರ‍್ಯಾಮ್, ಆಟಗಳನ್ನು ತುಂಬಿಡಲು ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್). ಸಾಕು. ಬಣ್ಣದ ಲೈಟು ಮಿನುಗುವ ಕ್ಯಾಬಿನೆಟ್‌ಗೆ ಸುಮ್ನೆ ಖರ್ಚು ಮಾಡಬೇಡಿ, ಆ ದುಡ್ಡಲ್ಲಿ ಹೆಡ್‌ಸೆಟ್‌ಗೆ ಒಳ್ಳೆಯ ತಲೆಪಟ್ಟಿ ತಗೊಳ್ಳಿ.

5. ಮೊದಲ ದಿನ

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಜಾಗ ಖಾಲಿ ಮಾಡಿ. ಕೂತು ಆಡುವ ಆಟದಿಂದ ಶುರು ಮಾಡಿ. ಹೊಟ್ಟೆ ತೊಳಸಿದ ಹಾಗಾದರೆ ತಕ್ಷಣ ತೆಗೆದುಬಿಡಿ, ಹಟ ಬೇಡ. ಆಡಿ ಮುಗಿದ ಮೇಲೆ ಹೆಡ್‌ಸೆಟ್ಟನ್ನು ಕಿಟಕಿ ಪಕ್ಕ ಇಡಬೇಡಿ. ಲೆನ್ಸ್ ಮೇಲೆ ಬಿಸಿಲು ಬಿದ್ದರೆ ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಒಳಗಿನ ಪರದೆ ಸುಟ್ಟುಹೋಗುತ್ತದೆ. ಅದನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.