ಅಮೆರಿಕದ ಸಣ್ಣ ಊರಲ್ಲಿ ಸಿಂಕ್ ನೀರು ಎಲ್ಲಿಗೆ ಹೋಗತ್ತೆ, ಕೋಲಾರದ ಕಡೆಯಿಂದ ಬಂದೋರಿಗೆ

ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯೋರಿಗೆ ಎಸ್‌ಟಿಪಿ ನೀರು, ಅಂದ್ರೆ ಪ್ಲಾಂಟಲ್ಲಿ ಶುದ್ಧಿ ಮಾಡಿದ ಕೊಳಚೆ ನೀರು, ಹೊಸದೇನಲ್ಲ, 2018ರಿಂದ ಬೆಂಗಳೂರಿನ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ನಮ್ಮ ಕೆರೆಗಳಿಗೆ ಬರ್ತಿದೆ, ಶುದ್ಧೀಕರಣದ ಎರಡನೇ ಹಂತ ಸಾಕಾ ಮೂರನೇದೂ ಬೇಕಾ ಅಂತ ಊರಲ್ಲಿ ಎಷ್ಟು ಜಗಳ ಆಯ್ತು ನಿಮಗೇ ಗೊತ್ತು. ಈ ಹಂತಗಳು ಏನಂತ ಕಣ್ಣಾರೆ ನೋಡ್ಬೇಕಂದ್ರೆ ಇಲ್ಲಿನ ಸಣ್ಣ ಊರಿನ ಪ್ಲಾಂಟೇ ವಾಸಿ, ಎಲ್ಲಾ ಒಂದೇ ಕಾಂಪೌಂಡಲ್ಲಿರತ್ತೆ, ಫೋನ್ ಮಾಡಿ ಕೇಳಿದ್ರೆ ಸುಮಾರು ಕಡೆ ಕರ್ಕೊಂಡು ಹೋಗಿ ತೋರಿಸ್ತಾರೆ.

ಮೊದ್ಲು ನಿಮ್ಮ ನೀರಿನ ಬಿಲ್‌ನಲ್ಲಿ ಸೂವರ್ (ಒಳಚರಂಡಿ) ಚಾರ್ಜ್ ಇದ್ಯಾ ನೋಡ್ಕೊಳ್ಳಿ. ಇಲ್ಲ ಅಂದ್ರೆ ಮನೆಗೆ ಸೆಪ್ಟಿಕ್ ಟ್ಯಾಂಕ್ ಇರೋ ಚಾನ್ಸ್ ಜಾಸ್ತಿ, ಸ್ವಂತ ಮನೆ ಆದ್ರೆ ಮೂರರಿಂದ ಐದು ವರ್ಷಕ್ಕೊಂದ್ಸಲ ಖಾಲಿ ಮಾಡ್ಸೋದು ನಿಮ್ಮ ತಲೆನೋವೇ.

ಪ್ಲಾಂಟಿಗೆ ಬಂದ ನೀರು ಜರಡಿ ದಾಟತ್ತೆ, ಮರಳು ತಳ ಸೇರತ್ತೆ, ಬಹಳ ಕಡೆ ಆಮೇಲೊಂದು ಸೆಟ್ಲಿಂಗ್ ಟ್ಯಾಂಕ್, ಅಲ್ಲಿಗೆ ಮೊದಲನೇ ಹಂತ ಮುಗೀತು. ಅಸಲಿ ಕೆಲಸ ಇರೋದು ಎರಡನೇದ್ರಲ್ಲಿ. ತೊಟ್ಟಿ ತಳದಿಂದ ಹಗಲೂ ರಾತ್ರಿ ಗಾಳಿ ಊದ್ತಾರೆ, ಪ್ಲಾಂಟಿನ ಕರೆಂಟ್ ಬಿಲ್‌ನಲ್ಲಿ ದೊಡ್ಡ ಪಾಲು ಇದಕ್ಕೇ, ಆ ಗಾಳಿ ಕುಡ್ಕೊಂಡು ಬ್ಯಾಕ್ಟೀರಿಯಾಗಳು ನಮ್ಮ ಗಲೀಜನ್ನೇ ತಿಂದು ಬೆಳೀತವೆ, ಮುಂದಿನ ಟ್ಯಾಂಕಲ್ಲಿ ತಳ ಸೇರ್ತವೆ, ಅದ್ರಲ್ಲಿ ಒಂದಷ್ಟನ್ನ ಹಾಲಿಗೆ ಹೆಪ್ಪು ಹಾಕೋ ಹಂಗೆ ತಿರ್ಗಾ ಗಾಳಿ ಊದೋ ತೊಟ್ಟಿಗೇ ಬಿಡ್ತಾರೆ. ನಾನು ನೋಡೋಕೆ ಹೋದಾಗ ಆಪರೇಟರ್ ಒಬ್ರು ಗಾಜಿನ ಜಾರ್‌ಗೆ ಆ ಕಂದು ನೀರು ತುಂಬಿ ಟೇಬಲ್ ಮೇಲಿಟ್ರು. ಕಣ್ಮುಂದೇನೇ ಸಣ್ಣ ಚೂರುಗಳು ಒಂದಕ್ಕೊಂದು ಅಂಟ್ಕೊಂಡು ಕೆಳಗಿಳಿದ್ವು, 30 ನಿಮಿಷಕ್ಕೆ ಮೇಲೆ ತಿಳಿನೀರು, ಕೆಳಗೆ ಮಡ್ಡಿ, ಮೂಗಿಗೆ ಬಂದಿದ್ದು ಬರೀ ಮಣ್ಣಿನ ವಾಸನೆ. ಮಡ್ಡಿ ಸರಿಯಾಗಿ ಇಳೀಲಿಲ್ಲ ಅಂದ್ರೆ ತೊಟ್ಟಿಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಕೊನೆಗೆ ರೋಗಾಣು ಸಾಯ್ಲಿ ಅಂತ ಯುವಿ ಲೈಟು ಅಥವಾ ಕ್ಲೋರಿನ್, ಕ್ಲೋರಿನ್ ಹಾಕಿದ್ರೆ ನದಿಗೆ ಬಿಡೋ ಮುಂಚೆ ಅದನ್ನ ತೆಗೀತಾರೆ, ಮೀನು ಸಾಯ್ತವೆ ಅಂತ. ಸಾರಜನಕ, ರಂಜಕ ಇನ್ನೂ ತೆಗೆಯೋದು, ಫಿಲ್ಟರ್ ಮಾಡೋದು ಮೂರನೇ ಹಂತದ ಕೆಲಸ, ಅದು ಇಲ್ಲೂ ಎಲ್ಲಾ ಕಡೆ ಇಲ್ಲ, ನೀರು ಸೇರೋ ನದಿ ಕೆರೆಗೆ ಬೇಕು ಅಂದ್ರೆ ಮಾತ್ರ.

ನಮ್ಮೋರಿಗೆ ಗಟ್ಟಿಯಾಗಿ ಹೇಳೋದು ಒಂದಿದೆ, ಕಜ್ಜಾಯ ಬೋಂಡ ಕರಿದ ಎಣ್ಣೆ ಸಿಂಕಿಗೆ ಹಾಕ್ಬೇಡಿ. ಪೈಪಲ್ಲಿ ತಣ್ಣಗಾಗಿ ಗಟ್ಟಿ ಕಟ್ಟತ್ತೆ, ಸೂವರ್ ಉಕ್ಕಿ ಬರತ್ತೆ. ಡಬ್ಬಕ್ಕೆ ಹಾಕಿ ಆರಿಸಿ ಕಸಕ್ಕೆ ಹಾಕಿ. ವೈಪ್ಸ್ ಪ್ಯಾಕೆಟ್ ಮೇಲೆ ಫ್ಲಶ್ ಮಾಡ್ಬಹುದು ಅಂತಿದ್ರೂ ಬೇಡ. ಅಪ್ಪ ಅಮ್ಮ ಊರಿಂದ ತಂದ ಮಾತ್ರೆ ಉಳಿದ್ರೆ ಟಾಯ್ಲೆಟ್‌ಗೆ ಹಾಕೋ ಬದ್ಲು ಫಾರ್ಮಸಿ ಡ್ರಾಪ್ ಬಾಕ್ಸ್‌ಗೆ ಕೊಡಿ, ಮಾತ್ರೆಯಲ್ಲಿರೋದನ್ನೆಲ್ಲಾ ತೆಗೆಯೋಕೆ ಈ ಪ್ಲಾಂಟ್ ಕಟ್ಟಿಲ್ಲ.

ಇನ್ನು ಕಾನೂನು. 1972ರ ಕ್ಲೀನ್ ವಾಟರ್ ಆಕ್ಟ್ ಪ್ರಕಾರ ನದಿಗೆ ನೀರು ಬಿಡೋ ಪ್ಲಾಂಟಿಗೆ ಪರ್ಮಿಟ್ ಬೇಕೇ ಬೇಕು. ಸಾಮಾನ್ಯವಾಗಿ ಬಿಒಡಿ (ನೀರಲ್ಲಿರೋ ಗಲೀಜು ಕೊಳೆಯೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋ ಅಳತೆ) ತಿಂಗಳ ಸರಾಸರಿ ಲೀಟರ್‌ಗೆ 30 ಮಿಲಿಗ್ರಾಂ ದಾಟಬಾರ್ದು, ತೇಲೋ ಕಣಗಳೂ ಅಷ್ಟೇ, ಬಂದ ಕೊಳೆಯಲ್ಲಿ ಶೇ. 85 ತೆಗೀಬೇಕು. ಪ್ಲಾಂಟ್ ಇದನ್ನ ಪಾಲಿಸ್ತಿದ್ಯಾ ಅನ್ನೋ ರಿಪೋರ್ಟು ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ನಡೆಸೋ ಎಕೋ (ECHO) ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು, ನಮ್ಮ ಕೆರೆಗಳಿಗೂ ಇಷ್ಟು ಸಲೀಸಾಗಿ ಸಿಗ್ಬೇಕು ಅನ್ನೋದು ನನ್ನಾಸೆ. ಪರ್ಮಿಟ್ ಅವಧಿ ಹೆಚ್ಚಂದ್ರೆ ಐದು ವರ್ಷ, ಹೊಸದು ಕೊಡೋ ಮುಂಚೆ ಕರಡು ಹೊರಗಿಟ್ಟು ಕನಿಷ್ಠ 30 ದಿನ ಜನರ ಅಭಿಪ್ರಾಯ ಕೇಳ್ತಾರೆ, ಬರೆಯೋಕೆ ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ, ವೀಸಾ ಮೇಲಿರೋರೂ ಬರೀಬಹುದು.